ಬರೆಯದೆ ಉಳಿದ ಕಾರ್ಡು

ಯಾದಗಿರಿಗೆ ಸಮೀಪದ ರಾಮಸಮುದ್ರದಲ್ಲಿ ನಮ್ಮ ತಂದೆಯವರ ಮನೆ. ಆ ಮನೆಯ ಒಳಕೋಣೆಯಲ್ಲಿ ಕಟ್ಟಿಗೆಯ ಸಂದೂಕವೊಂದಿದ್ದಿತು. ಅದು ನಮ್ಮ ಸೋದರತ್ತೆಯದು. ಮಕ್ಕಳು ಅದನ್ನು ಮುಟ್ಟಕೂಡದೆಂದು ಕಟ್ಟಪ್ಪಣೆಯಿದ್ದುದರಿಂದ ಅದರೊಳಗೆ ನಿಧಿಯೇ ಇರಬೇಕೆಂದು ನನ್ನ ನಂಬುಗೆ. ಕಡೆಗೊಂದು ಮಧ್ಯಾಹ್ನ ಅತ್ತೆಯೇ ಅದನ್ನು ನನ್ನೆದುರಿಗೆ ತೆರೆದರು. ಎರಡು ಸೀರೆ, ತುಲಸಿಯ ಮಣಿಸರ, ಬತ್ತಿ ಹೊಸೆಯುವ ಹತ್ತಿಯ ಗಂಟು, ಯಾವ ಸಂವತ್ಸರದ್ದೋ ಒಂದು ಪಂಚಾಂಗ. ಇವುಗಳ ಕೆಳಗೆ ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಒಂದು ಪುಸ್ತಕ. ರಟ್ಟು ಎಂದೋ ಹೋಗಿದ್ದಿತು. ಹಾಳೆಗಳು ಹಳದಿಯಾಗಿ, ಅಂಚುಗಳು ಒಣಗಿದ ಎಲೆಯಂತೆ ಉದುರುತ್ತಿದ್ದವು. ಒಳಹಾಳೆಯ ಮೇಲೆ ಮಾತ್ರ ಹೆಸರು ಸ್ಪಷ್ಟವಾಗಿದ್ದಿತು: 'ಸುಶೀಲೆ'. ಕೆಳಗೆ, ನಂಜನಗೂಡು ತಿರುಮಲಾಂಬಾ.

ನನಗಾಗ ಹತ್ತು ವರ್ಷ. ನಾನು ಹುಟ್ಟಿದುದು 1948ರಲ್ಲಿ, ನಮ್ಮ ಸೀಮೆ ನಿಜಾಮರ ಆಳಿಕೆಯಿಂದ ಬಿಡುಗಡೆಯಾದ ವರ್ಷ. ನಾನು ಶಾಲೆಯಲ್ಲಿ ಕನ್ನಡವನ್ನು ಕಲಿತೆನಾದುದರಿಂದ ಮನೆಯಲ್ಲಿ ಗಟ್ಟಿಯಾಗಿ ಓದುವ ಕೆಲಸ ನನ್ನ ಪಾಲಿಗೆ ಬಂದಿತು. ನಮ್ಮ ತಂದೆಯವರ ಓದೆಲ್ಲ ಉರ್ದುವಿನಲ್ಲಿ. ಕಚೇರಿಯ ಕಾಗದಪತ್ರವೂ ಅದರಲ್ಲಿಯೇ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಅಲ್ಲಿಯ ಪಾಠಗಳೂ ಉರ್ದುವಿನಲ್ಲಿಯೇ ನಡೆದುವಾಗಿ, ಮುಂದೆ ಬರಬೇಕೆನ್ನುವ ಗಂಡುಮಕ್ಕಳು ಕನ್ನಡವನ್ನು ಮನೆಯ ಮಾತಿಗಷ್ಟೆ ಇಟ್ಟುಕೊಂಡಿದ್ದರು. ಹೆಣ್ಣುಮಕ್ಕಳಿಗೆ ಎರಡೂ ಇರಲಿಲ್ಲ. ಅಂಥದರಲ್ಲಿ ಮೈಸೂರು ಸೀಮೆಯ ಒಬ್ಬ ಹೆಣ್ಣುಮಗಳು ಬರೆದ ಪುಸ್ತಕ ನಮ್ಮ ಹಳ್ಳಿಯ ಸಂದೂಕಕ್ಕೆ ಬಂದುದು ಹೇಗೆ? ಸೊಲ್ಲಾಪುರದಿಂದ ರಾಯಚೂರಿಗೆ ಹೋಗುವ ರೈಲುದಾರಿ ಯಾದಗಿರಿಯ ಮೇಲೆ ಹಾಯ್ದು 1871ರಷ್ಟು ಹಿಂದೆಯೇ ಆಗಿದ್ದಿತಷ್ಟೆ. ದಕ್ಷಿಣಕ್ಕೆ ಯಾತ್ರೆ ಹೋದ ನೆಂಟರೊಬ್ಬರು ಬರುವಾಗ ಇದನ್ನು ತಂದು, ಮನೆಯಲ್ಲಿ ಕುಳಿತ ಹುಡುಗಿಗೆ ಕೊಟ್ಟರಂತೆ. ಓದಲು ಬಾರದ ಹುಡುಗಿಗೆ ಪುಸ್ತಕ ಕೊಟ್ಟ ಆ ಮಹಾನುಭಾವರ ಮನಸ್ಸಿನಲ್ಲಿ ಏನಿದ್ದಿತೋ!

ಅತ್ತೆಗೆ ಒಂಬತ್ತಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ. ಗಂಡನ ಮುಖವನ್ನು ಆಕೆ ಎಷ್ಟು ಬಾರಿ ಕಂಡಿದ್ದರೆಂಬುದನ್ನು ಬೆರಳಲ್ಲಿ ಎಣಿಸಬಹುದಾಗಿದ್ದಿತು. ಬಳಿಕ ತಿರುಗಿ ತವರಿಗೆ. ಅಡಿಗೆಯ ಮನೆ, ಮಡಿ, ಏಕಾದಶಿ, ಬೀಸುವ ಕಲ್ಲು. ನಸುಕಿನಲ್ಲಿ ಎಲ್ಲರಿಗಿಂತ ಮೊದಲೆದ್ದು ಜೋಳ ಬೀಸುವಾಗ, ಕಲ್ಲಿನ ಸುತ್ತ ಬಿದ್ದ ಹಿಟ್ಟಿನ ಮೇಲೆ ಬೆರಳಿನಿಂದ ಅಕ್ಷರ ಬರೆದು, ಯಾರಾದರೂ ಏಳುವಷ್ಟರಲ್ಲಿ ಅಳಿಸಿ ಹಿಟ್ಟನ್ನು ತುಂಬಿಟ್ಟುಬಿಡುತ್ತಿದ್ದರಂತೆ. ಮಠದ ಅಯ್ಯನವರ ಬಳಿ ಒಂದಿಷ್ಟು ಕನ್ನಡ ಕಲಿತ ತಮ್ಮನಿಂದ, ಎಂದರೆ ನಮ್ಮ ತಂದೆಯವರಿಂದ, ದಿನಕ್ಕೊಂದು ಅಕ್ಷರವನ್ನು ಹೋಳಿಗೆಯ ಹೂರಣದ ಲಂಚಕ್ಕೆ ಕೇಳಿ ತಿಳಿದುಕೊಂಡರು. ಆ ಅಕ್ಷರವನ್ನು ಮರುದಿನ ಪುಸ್ತಕದಲ್ಲಿ ಹುಡುಕುವುದು. ಹೀಗೆ 'ಸುಶೀಲೆ' ಅವರಿಗೆ ಮೊದಲು ಅಕ್ಷರಮಾಲೆಯಾಗಿ, ಎರಡು ವರ್ಷಗಳ ಮೇಲೆ ಕಥೆಯಾಯಿತು.

ನಾನು ಓದುವ ಕಾಲಕ್ಕೆ ಅವರ ಕಣ್ಣು ಮಂಜಾಗಿದ್ದವು. ಊಟವಾದ ಮೇಲೆ ಪಡಸಾಲೆಯಲ್ಲಿ ಅವರು ಹೂಬತ್ತಿ ಮಾಡುತ್ತ ಕೂಡುವರು, ನಾನು ಓದುವೆನು. ಸಂಸ್ಕೃತ ಪದಗಳು ತುಂಬಿದ ಆ ಗದ್ಯದಲ್ಲಿ ನನ್ನ ನಾಲಗೆ ಮುಗ್ಗರಿಸಿದಾಗಲೆಲ್ಲ ಮುಂದಿನ ಮಾತನ್ನು ಅವರೇ ಹೇಳಿಬಿಡುತ್ತಿದ್ದರು. ನಾನು ಬೇಗ ಮುಗಿಸುವ ಆತುರಕ್ಕೆ ಬಿದ್ದರೆ, "ಸಾವಕಾಶ ಓದವಾ ಕೂಸ, ಆಕೀ ಬರದದ್ದು ಓಡಿ ಹೋಗಲಿಕ್ಕಲ್ಲ," ಎನ್ನುವರು. ಹಾಗೆ ಹೇಳುವಾಗ ಆ 'ಆಕೀ' ಎಂಬ ಶಬ್ದದಲ್ಲಿ ನೆರೆಮನೆಯ ಗೆಳತಿಯ ವಿಷಯ ಆಡುವಂಥ ಸಲುಗೆ ಇರುತ್ತಿದ್ದಿತು. "ಯಾರು ಅತ್ಯಾ ಆಕೀ?" ಎಂದು ನಾನೊಮ್ಮೆ ಕೇಳಿದೆ. "ನನ್ನ್ಹಂಗ ಒಬ್ಬಾಕಿ," ಎಂದರು. ಅಷ್ಟು ಮಾತ್ರ ಆ ಪುಸ್ತಕ ತಂದ ನೆಂಟರು ಹೇಳಿದ್ದರೆಂದು ತೋರುತ್ತದೆ.

ಆ ಮಾತು ಎಷ್ಟು ನಿಜವೆಂಬುದು ನನಗೆ ತಿಳಿದುದು ಬಹಳ ತಡವಾಗಿ. ತಿರುಮಲಾಂಬಾ ಅವರು ಹುಟ್ಟಿದುದು 1887ರಲ್ಲಿ, ಕಪಿಲೆಯ ದಂಡೆಯ ನಂಜನಗೂಡಿನಲ್ಲಿ. ತಂದೆಯವರು ವಕೀಲರು. ಹತ್ತನೆಯ ವಯಸ್ಸಿಗೆ ಮದುವೆ. ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿ ಮೈಸೂರು ಸರಕಾರವು 1894ರಲ್ಲಿಯೇ ಕಾನೂನು ಮಾಡಿದ್ದಿತು. ಇಂಡಿಯಾದಲ್ಲಿ ಅದು ದೊಡ್ಡ ಹೆಜ್ಜೆಯೆಂದು ಹೊಗಳಿಸಿಕೊಂಡಿದ್ದಿತು ಕೂಡ. ಆ ಲೆಕ್ಕದಲ್ಲಿ ಹತ್ತು ವರ್ಷದ ವಧು ಕಾನೂನಿಗೆ ಒಪ್ಪಿಗೆಯಾದವಳೇ! ಆಕೆಗೆ ಹದಿನಾಲ್ಕು ತುಂಬುವಷ್ಟರಲ್ಲಿ ಪತಿ ಪ್ಲೇಗಿಗೆ ತುತ್ತಾದರು. ಮುಂದಿನ ಕಥೆ ಸಾವಿರ ಮನೆಗಳ ಕಥೆಯೇ ಆಗಬೇಕಾಗಿದ್ದಿತು, ಆಗಲಿಲ್ಲ. ಕಾರಣ, ತಂದೆಯವರು ಮಗಳನ್ನು ಅಡಿಗೆಯ ಮನೆಗೆ ಬಿಟ್ಟುಕೊಡದೆ ಪುಸ್ತಕಗಳ ನಡುವೆ ಕೂಡಿಸಿದರು. ಕನ್ನಡದ ಜೊತೆಗೆ ತಮಿಳು ತೆಲುಗುಗಳನ್ನೂ ಆಕೆ ಓದಿಕೊಂಡರು, ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. 1913ರಲ್ಲಿ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಹುಟ್ಟುಹಾಕಿ ಅದರಲ್ಲಿ 'ಸುಶೀಲೆ'ಯನ್ನು ಪ್ರಕಟಿಸಿದರು. ಆಗ ಆಕೆಗೆ ಇಪ್ಪತ್ತಾರು. ಪುಸ್ತಕ ಮರುಮುದ್ರಣಗಳನ್ನು ಕಂಡಿತು. 'ನಭಾ', 'ವಿರಾಗಿಣಿ', 'ದಕ್ಷಕನ್ಯೆ' ಹೀಗೆ ಒಂದರ ಬೆನ್ನಿಗೊಂದು ಬಂದು, ಆಕೆಯ ಸ್ವಂತ ಕೃತಿಗಳೇ 20ನ್ನು ಮೀರಿದವು. 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಕನ್ನಡದಲ್ಲಿ ಪತ್ರಿಕೆಯ ಸಂಪಾದಕಿ, ಪ್ರಕಾಶಕಿ, ಮುದ್ರಕಿ, ಈ ಮೂರು ಮಾತಿನ ಹಿಂದೆಯೂ 'ಮೊದಲ' ಎಂಬ ವಿಶೇಷಣವನ್ನು ಹಚ್ಚಿಸಿಕೊಂಡವರು ಅವರೇ. ನಂಜನಗೂಡಿನಂಥ ಊರಲ್ಲಿ, ಹೊಸ್ತಿಲು ದಾಟಿದರೆ ಅಪಶಕುನವೆನ್ನಿಸಿಕೊಳ್ಳತಕ್ಕ ಒಬ್ಬ ತರುಣಿ ಅಚ್ಚಿನ ಮೊಳೆಗಳ ಲೆಕ್ಕ, ಕಾಗದದ ಲೆಕ್ಕ, ಚಂದಾದಾರರ ಬಾಕಿಯ ಲೆಕ್ಕ ನೋಡುತ್ತ ಕುಳಿತಿರುವುದನ್ನು ವಾಚಕರು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ಬೆಂಗಳೂರಿನಲ್ಲಿ ಅದೇ ದುರ್ದೈವದ ಆರ್. ಕಲ್ಯಾಣಮ್ಮನವರು 1921ರಲ್ಲಿ 'ಸರಸ್ವತಿ'ಯನ್ನು ಹೊರಡಿಸಿದುದು ಇದಾದ ಮೇಲೆ.

ಇಷ್ಟನ್ನು ನಾನು ಇಂದು ಬರೆಯಲು ಕಾರಣವಾದವಳು ನನ್ನ ಮೊಮ್ಮಗಳು. ಆಕೆ ಜರ್ಮನಿಯ ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ಕೆಲಸದಲ್ಲಿದ್ದಾಳೆ. (ನಮ್ಮ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್ ಪಾದ್ರಿಗಳು ಅದೇ ಸೀಮೆಯವರೆಂಬುದನ್ನು ಆಕೆಗೆ ಹೇಳಿ ನಾನು ಸ್ವಲ್ಪ ಬೀಗಿದ್ದುಂಟು.) ಅಲ್ಲಿಯ ಹಳೆಯ ಪುಸ್ತಕಗಳ ಸಂತೆಯಲ್ಲಿ ಆಕೆ ಒಂದು ಹುಡುಗಿಯರ ಕಾದಂಬರಿಯನ್ನು ಕೊಂಡು, ವಾರಕ್ಕಿಷ್ಟರಂತೆ ಟೆಲಿಫೋನಿನಲ್ಲಿ ನನಗೆ ಅದರ ಕಥೆ ಹೇಳತೊಡಗಿದಳು. ಪುಸ್ತಕದ ಹೆಸರು 'ಟ್ರೋಟ್ಸ್‌ಕೋಫ್'; 'ಹಠಮಾರಿ' ಎಂದರೆ ಸರಿಯಾದೀತು. ಬರೆದಾಕೆ ಎಮ್ಮಿ ಫಾನ್ ರೋಡೆನ್. ಇದು ಲೇಖನಿಯ ಹೆಸರು. 1829ರಲ್ಲಿ ಮಾಗ್ಡೆಬುರ್ಗಿನಲ್ಲಿ ಹುಟ್ಟಿದ ಈಕೆಯ ಪತಿಯೂ ಲೇಖಕರೇ. ಮಗಳನ್ನು ವಸತಿಶಾಲೆಗೆ ಕಳುಹಿಸಿದಾಗಿನ ಅನುಭವದಿಂದ ಈ ಕಥೆ ಹುಟ್ಟಿತೆನ್ನುವರು. 1885ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡರು. ಪುಸ್ತಕ ಅಚ್ಚಾಗಿ ಬಂದುದು ಆ ಮೇಲೆ, ಅದೇ ವರ್ಷ, ಅದೇ ಸ್ಟುಟ್‌ಗಾರ್ಟಿನಿಂದ. ತನ್ನ ಹುಡುಗಿ ಒಂದು ದೇಶದ ಮನೆಮನೆಯ ಹುಡುಗಿಯಾದುದನ್ನು ತಾಯಿ ನೋಡಲಿಲ್ಲ. ಕಥೆಯನ್ನು ಮುಂದುವರಿಸಿ ಎರಡನೆಯ, ಮೂರನೆಯ ಭಾಗಗಳನ್ನು ಬರೆದುದು ಮಗಳು ಎಲ್ಸೆ.

ಕಥೆಯಲ್ಲಿ ಇಲ್ಸೆ ಎಂಬ ಹದಿನೈದರ ಹುಡುಗಿ. ಮನೆಗೆ ಅತಿಥಿಗಳು ಬಂದಿರುವಾಗ ನಾಯಿಯನ್ನು ಕಟ್ಟಿಕೊಂಡು, ಕೊಳಕು ಬೂಟಿನಲ್ಲಿ ನಡುಮನೆಗೆ ನುಗ್ಗುವವಳು. ತಂದೆಗೆ ಮುದ್ದು, ಮಲತಾಯಿಗೆ ಚಿಂತೆ. ವಸತಿಶಾಲೆಗೆ ಕಳುಹಿಸುತ್ತಾರೆ. ಅಲ್ಲಿ ಆಕೆ ಅಳುತ್ತಾಳೆ, ಸಿಟ್ಟಾಗುತ್ತಾಳೆ, ನೆಲ್ಲಿ ಎಂಬ ಬಡ ಆಂಗ್ಲ ಹುಡುಗಿಯ ಗೆಳೆತನ ಗಳಿಸುತ್ತಾಳೆ. ಹಠದಿಂದ ತನ್ನ ಪ್ರಿಯನನ್ನೇ ಕಳೆದುಕೊಂಡ ಹುಡುಗಿಯೊಬ್ಬಳ ಕಥೆಯನ್ನು ಉಪಾಧ್ಯಾಯಿನಿಯೊಬ್ಬಳು ಹೇಳಿದಾಗ, ಆ ಹುಡುಗಿ ಈ ಉಪಾಧ್ಯಾಯಿನಿಯೇ ಎಂದು ಓದುವವರಿಗೆ ಹೊಳೆಯುತ್ತದೆ. ಮೆಲ್ಲಮೆಲ್ಲನೆ ಹಠಮಾರಿ ಮಣಿಯುತ್ತಾಳೆ; ಮನೆಗೆ ಮರಳುವ ದಾರಿಯಲ್ಲಿ ತರುಣನೊಬ್ಬನ ಪರಿಚಯವಾಗಿ, ನಿಶ್ಚಿತಾರ್ಥವೂ ಆಗುತ್ತದೆ. ಇದಕ್ಕೆ 22 ವರ್ಷ ಮೊದಲು, 1863ರಲ್ಲಿ, ಕ್ಲೆಮೆಂಟಿನೆ ಹೆಲ್ಮ್ ಎಂಬಾಕೆ ಬರೆದ ಕಾದಂಬರಿಯ ಜಾಡೂ ಇದೇ. ಹಳ್ಳಿಯ ಹುಡುಗಿ ಬರ್ಲಿನ್ನಿನ ಬಂಧುವಿನ ಮನೆಗೆ ಬಂದು ರೀತಿನೀತಿ ಕಲಿತು ಮದುವೆಯ ಹೊಸ್ತಿಲಿಗೆ ಬರುವುದು. ಹೆಲ್ಮ್ ಅವರು ಸ್ವತಃ ತಂದೆತಾಯಿಗಳನ್ನು ಎಳವೆಯಲ್ಲಿಯೇ ಕಳೆದುಕೊಂಡು ಬರ್ಲಿನ್ನಿನ ಬಂಧುವಿನ ಆಶ್ರಯದಲ್ಲಿ ಬೆಳೆದವರು. ಆ ಪ್ರಾಯದ ಹುಡುಗಿಗೆ ಜರ್ಮನರು 'ಬಾಕ್‌ಫಿಶ್' ಎನ್ನುತ್ತಿದ್ದರಂತೆ. ಹುರಿಯುವುದಕ್ಕಷ್ಟೇ ತಕ್ಕ, ಇನ್ನೂ ದೊಡ್ಡದಾಗದ ಮೀನು! ಮೀನು ತಿನ್ನದ ನಮ್ಮ ಮನೆಯಲ್ಲಿ ಈ ಶಬ್ದಕ್ಕೆ ಎಲ್ಲರೂ ನಕ್ಕೆವು.

ನಕ್ಕ ಮೇಲೆ ನನಗೆ ನಿದ್ದೆ ಬರಲಿಲ್ಲ. ಆ ಶಬ್ದ ನಮ್ಮಲ್ಲಿಲ್ಲವೇಕೆ ಎಂದು ಯೋಚಿಸತೊಡಗಿದೆ. ಕೂಸು ಎಂಬುದುಂಟು, ಮದುಮಗಳು ಎಂಬುದುಂಟು, ಮುತ್ತೈದೆ ಎಂಬುದುಂಟು. ಇನ್ನೊಂದು ಕೆಟ್ಟ ಶಬ್ದವೂ ಉಂಟು, ಅದನ್ನು ಅತ್ತೆಯ ಬೆನ್ನ ಹಿಂದೆ ಜನ ಆಡುತ್ತಿದ್ದುದನ್ನು ಕೇಳಿದ್ದೇನೆ. ಆದರೆ ಶಾಲೆಗೂ ಮದುವೆಗೂ ನಡುವೆ ಬರುವ ಆ ಐದಾರು ವರ್ಷಗಳಿಗೆ, ಕೊಳಕು ಬೂಟಿನ, ಗೆಳತಿಯರ, ಮುನಿಸಿನ ವರ್ಷಗಳಿಗೆ, ನಮ್ಮಲ್ಲಿ ಹೆಸರಿಲ್ಲ. ಏಕೆಂದರೆ ಆ ವರ್ಷಗಳೇ ಇರಲಿಲ್ಲ. ಜರ್ಮನಿಯ ಹುಡುಗಿಯ ಕಥೆ ಮದುವೆಯ ಮಾತಿನಲ್ಲಿ ಮುಗಿಯುತ್ತದೆ. ನಂಜನಗೂಡಿನ ಲೇಖಕಿಗೆ ಮದುವೆಯೂ ವೈಧವ್ಯವೂ ಮುಗಿದುಹೋದಾಗ ವಯಸ್ಸು ಇಲ್ಸೆಗಿಂತ ಒಂದು ಕಡಿಮೆ. ಆಕೆ ಯಾರಿಗಾಗಿ ಬರೆಯಬೇಕು? ಹುಡುಗಿತನವೆಂಬುದನ್ನು ಕಾಣದ ಹುಡುಗಿಯರಿಗಾಗಿ. ಹದಿನೈದಕ್ಕೆ ಸೊಸೆಯಾದವರು, ತಾಯಾದವರು, ಅತ್ತೆಯಂತೆ ತವರಿನ ಮೂಲೆ ಸೇರಿದವರು: ಅವರೇ ಆಕೆಯ ಓದುಗರು. ಅವರಿಗೆ ಬೇಕಾದುದು ಎಂಥ ಕಥೆ?

ಇಲ್ಲಿ ನಾನು ನನ್ನ ತಪ್ಪನ್ನು ಹೇಳಬೇಕಾಗಿದೆ. ನಾನು ಗುಲಬರ್ಗೆಯಲ್ಲಿ ಕಾಲೇಜಿಗೆ ಸೇರಿ ಎರಡು ವರ್ಷವಾಗಿದ್ದಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯನ್ನು ಆಗ ಓದಿದ್ದೆ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಆ ಕಾದಂಬರಿಯಲ್ಲಿ ಎಳೆಯ ವಿಧವೆ ಮನೆ ಬಿಟ್ಟು ಹೊರಟು, ಓದಿ, ಮರುಮದುವೆಯಾಗುತ್ತಾಳೆ. ನಮ್ಮ ಸುರಪುರದಲ್ಲಿ 1841ರಿಂದ ಹತ್ತಾರು ವರ್ಷ ಇದ್ದ ಮೆಡೋಸ್ ಟೇಲರ್ ಸಾಹೇಬರೂ 1872ರ ತಮ್ಮ 'ಸೀತಾ' ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ವಿಧವೆಗೆ ಮರುಮದುವೆ ಮಾಡಿಸಿದ್ದಾರೆಂದು ತಿಳಿದುಕೊಂಡಿದ್ದೆ. ಗಂಡಸರಿಬ್ಬರು, ಅದರಲ್ಲಿಯೂ ಒಬ್ಬ ಪರದೇಶದವನು, ಇಷ್ಟು ಧೈರ್ಯ ಮಾಡಿರುವಾಗ, ಸ್ವತಃ ಆ ಬೆಂಕಿಯನ್ನು ಕಂಡ ಹೆಣ್ಣುಮಗಳು ಪತಿಸೇವೆಯನ್ನೂ ಗೃಹಿಣೀಧರ್ಮವನ್ನೂ ಬೋಧಿಸುವುದೆ? ರಜೆಗೆಂದು ರಾಮಸಮುದ್ರಕ್ಕೆ ಬಂದಾಗ ನಾನು ಇದನ್ನೆಲ್ಲ ಅತ್ತೆಯ ಮುಂದೆ ಒದರಿದೆ. "ಈ ಪುಸ್ತಕ ನಿಮ್ಮ ಕಾಲಿಗೆ ಬೇಡಿ ಅತ್ಯಾ, ನೀವು ಅದನ್ನ ಅರಿವ್ಯಾಗ ಸುತ್ತಿ ಪೂಜಾ ಮಾಡತೀರಿ," ಎಂದೆ. ಓದಿದವಳೆಂಬ ಸೊಕ್ಕು, ಬೇರೇನು?

ಅತ್ತೆ ಸಿಟ್ಟಾಗಲಿಲ್ಲ. ಬತ್ತಿ ಹೊಸೆಯುವುದನ್ನೂ ನಿಲ್ಲಿಸಲಿಲ್ಲ. "ಉಪದೇಶ ಗಂಡಸರು ಕೇಳಲಿ ಅಂತ ಬರದಾಳ, ಕಥೀ ನಮಗ ಬರದಾಳ. ಉಪದೇಶ ಇರಲಾರದ್ದಕ್ಕ ನಮ್ಮಪ್ಪ ಪುಸ್ತಕ ಮನ್ಯಾಗ ಇಟ್ಟುಗೋಳಿಕ್ಕೆ ಬಿಡತಿದ್ದನೇನು?" ಎಂದರು.

ಸತೀಹಿತೈಷಿಣೀ ಎಂಬ ಹೆಸರು ಏಕೆ ಬೇಕಾಯಿತೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸಿದ ಬರಹವನ್ನು ನಾನು ಈವರೆಗೂ ಕಂಡಿಲ್ಲ. ಆ ಹೆಸರು ಒಂದು ರಹದಾರಿ. ಮನೆಯ ಯಜಮಾನರು ಒಳಹಾಳೆಯನ್ನು ತಿರುವಿ, 'ಸತಿಯರಿಗೆ ಹಿತ' ಎಂದಿರುವುದನ್ನು ನೋಡಿ, ತಲೆದೂಗಿ, ಪುಸ್ತಕವನ್ನು ಒಳಗೆ ಬಿಡುವರು. ಒಳಗೆ ಬಂದ ಮೇಲೆ ಅದು ಏನು ಮಾಡಿತೆಂಬುದು ಜೋಳದ ಹಿಟ್ಟಿಗೆ ಗೊತ್ತು. ಲೇಖಕಿ ಹೀಗೆ ಎಣಿಕೆ ಹಾಕಿಯೇ ಬರೆದರೆಂದು ನಾನು ಹೇಳುವುದಿಲ್ಲ; ತಾವು ಬೋಧಿಸಿದ ಧರ್ಮದಲ್ಲಿ ಅವರಿಗೆ ನಿಜವಾಗಿಯೂ ಶ್ರದ್ಧೆಯಿದ್ದಿತು. ಜರ್ಮನಿಯ ಹಠಮಾರಿಯನ್ನು ಮಣಿಸಿದಾಕೆಗೂ ಮಣಿಸುವುದರಲ್ಲಿ ಶ್ರದ್ಧೆಯಿದ್ದಿತು. ಆದರೆ ಕೊಳಕು ಬೂಟಿನಲ್ಲಿ ನುಗ್ಗಿದ ಇಲ್ಸೆಯನ್ನೇ ಅಲ್ಲಿಯ ಹುಡುಗಿಯರು ನೂರು ವರ್ಷಕ್ಕೂ ಮೇಲೆ ನೆನಪಿನಲ್ಲಿಟ್ಟುಕೊಂಡಿದ್ದಾರಲ್ಲದೆ, ನಿಶ್ಚಿತಾರ್ಥವಾದ ಇಲ್ಸೆಯನ್ನಲ್ಲವೆಂದು ನನ್ನ ಮೊಮ್ಮಗಳು ಹೇಳುತ್ತಾಳೆ.

ಆ ಸಲದ ರಜೆಯಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. 1968ನೆಯ ಇಸವಿ. ನಾನು ಗೆಳತಿಗೆಂದು ಕಾರ್ಡು ಬರೆಯುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬಂದು ಕುಳಿತು ಬಹಳ ಹೊತ್ತು ನೋಡಿ, "ಒಂದು ಕಾರ್ಡು ನನಗೂ ಬರದು ಕೊಡತೀಯೇನು ತಂಗಿ?" ಎಂದರು. ಅವರು ಓದಬಲ್ಲವರೇ ಹೊರತು ಮಸಿಯಲ್ಲಿ ಬರೆದು ರೂಢಿಯಿಲ್ಲದವರು. ಹಿಟ್ಟಿನಲ್ಲಿ ಬರೆದುದು ಹಿಟ್ಟಿನಲ್ಲಿಯೇ ಹೋಯಿತು. ಯಾರಿಗೆ ಎಂದು ಕೇಳಿದೆ. "ನಂಜನಗೂಡಿನಾಕಿಗೆ," ಎಂದರು. ಏನೆಂದು ಬರೆಯಬೇಕೆಂದೆ. ಅವರು ಸ್ವಲ್ಪ ಲಜ್ಜೆಪಟ್ಟರು. ಅರವತ್ತು ದಾಟಿದ ಮುಖದ ಮೇಲೆ ಆ ಲಜ್ಜೆಯನ್ನು ನಾನು ಅದೊಂದೇ ಬಾರಿ ಕಂಡುದು. "ನಿಮ್ಮ ಪುಸ್ತಕದಿಂದ ಅಕ್ಷರ ಕಲಿತೀನಿ ಅಂತ ಬರಿ. ಮತ್ತೇನೂ ಬ್ಯಾಡ."

ನಾನು ನಕ್ಕುಬಿಟ್ಟೆ. "ಅತ್ಯಾ, ಐವತ್ತು ವರ್ಷದ ಮಾತು. ಆಕಿ ಎಂದೋ ತೀರಿರಬೇಕು. ಸತ್ತವರಿಗೆ ಕಾರ್ಡು ಬರೀತಾರೇನು?" ಎಂದೆ. "ಹೌದಲ್ಲ," ಎಂದು ಅತ್ತೆ ಎದ್ದು ಒಳಗೆ ಹೋದರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. 1974ರ ಬೇಸಿಗೆಯಲ್ಲಿ ಅವರು ಹೋದರು. ಸಂದೂಕದೊಳಗಿನ ಹಳೆಯ ಕಾಗದಗಳನ್ನೆಲ್ಲ ಮನೆ ಸುಣ್ಣ ಹಚ್ಚಿಸುವಾಗ ರದ್ದಿಗೆ ಹಾಕಿದವಳು ನಾನೇ. ಹುಳು ಹಿಡಿದ ಹಾಳೆಗಳೆಂದು ಕೆಂಪು ಅರಿವೆಯನ್ನು ಬಿಚ್ಚಿ ಕೂಡ ನೋಡಲಿಲ್ಲ.

ಇದಾದ ಎಷ್ಟೋ ವರ್ಷಗಳ ಮೇಲೆ ಸಿ. ಎನ್. ಮಂಗಳಾ ಅವರು ತಿರುಮಲಾಂಬಾ ಅವರ ವಿಷಯ ಬರೆದುದನ್ನು ಓದಿದೆ; ವಿಜಯಾ ದಬ್ಬೆಯವರ ಸಂಪಾದಕತ್ವದ 'ಹಿತೈಷಿಣಿಯ ಹೆಜ್ಜೆಗಳು' ಕೈಗೆ ಬಂದಿತು. ಅದರಿಂದ ನನಗೆ ತಿಳಿಯಿತು: ತಿರುಮಲಾಂಬಾ ಅವರು ಸತ್ತಿರಲಿಲ್ಲ. ಕಾಲದ ಅಭಿರುಚಿ ಬದಲಾಯಿತು, ನವೋದಯದ ದೊಡ್ಡ ಹೆಸರುಗಳು ಬಂದವು, ಅವರು ಬರೆಯುವುದನ್ನು ನಿಲ್ಲಿಸಿದರು, ನಂಜನಗೂಡನ್ನು ಬಿಟ್ಟು ಮದರಾಸಿಗೆ ಹೋದರು. ಕನ್ನಡನಾಡು ಅವರನ್ನು ಮರೆತಿತು. ಅವರು ಮಾತ್ರ ಬದುಕಿದ್ದರು. 1982ರಲ್ಲಿ, ತೊಂಬತ್ತೈದು ತುಂಬಿದ ಮೇಲೆ ತೀರಿಕೊಂಡರು. ಈಗ ಅವರ ಹೆಸರಿನಲ್ಲಿ ಬೆಂಗಳೂರಿನ ಶಾಶ್ವತಿ ಸಂಸ್ಥೆ ಲೇಖಕಿಯರಿಗೆ ಪ್ರಶಸ್ತಿ ಕೊಡುತ್ತದೆ. ಇದು ಸಂತೋಷದ ಸಂಗತಿಯೇ.

1968ರಲ್ಲಿ ಅವರಿಗೆ ಎಂಬತ್ತೊಂದು. ಎಮ್ಮಿ ಫಾನ್ ರೋಡೆನ್ ತನ್ನ ಪುಸ್ತಕವನ್ನು ಕಾಣದೆ ಹೋದಾಕೆ. ಅದಕ್ಕೆ ಯಾರೂ ಹೊಣೆಯಲ್ಲ. ಈಕೆ ತನ್ನ ಪುಸ್ತಕಗಳು ಮರೆತುಹೋದುದನ್ನು ಕಂಡು, ಅದಾದ ಮೇಲೆಯೂ ಹತ್ತಾರು ವರ್ಷ ಬದುಕಿದ್ದಾಕೆ. ನಂಜನಗೂಡಿಗೆ ಹಾಕಿದ ಕಾರ್ಡು ಮದರಾಸಿಗೆ ಮುಟ್ಟುತ್ತಿತ್ತೆ? ಟಪಾಲಿನವರ ಕೈಯಲ್ಲಿ ಎಷ್ಟೋ ಕಾಗದಗಳು ವಿಳಾಸ ತಿದ್ದಿಸಿಕೊಂಡು ಊರೂರು ಸುತ್ತಿ ಸೇರಬೇಕಾದಲ್ಲಿ ಸೇರಿದುದುಂಟು. ಹಳೆಯ ನೆರೆಹೊರೆಯವರು ಯಾರಾದರೂ ಗುರುತು ಹಿಡಿದು ಮುಂದಕ್ಕೆ ಕಳುಹಿಸಿರಬಹುದಾಗಿತ್ತು. ಮುಟ್ಟದೆಯೂ ಇರಬಹುದಾಗಿತ್ತು.

ಕಳೆದ ವಾರ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕಾರ್ಡಿಗೆ ಆಗ ಎಷ್ಟು ಬೆಲೆ ಇತ್ತು ಅಜ್ಜಿ?" ಎಂದು ಕೇಳಿದಳು. ಕೆಲವೇ ಪೈಸೆ ಎಂದೆ. ಅಂದು ಗೆಳತಿಗೆ ಬರೆದ ಮೇಲೆ ನನ್ನ ಬಳಿ ಇನ್ನೂ ಎರಡು ಕಾರ್ಡು ಉಳಿದಿದ್ದವು.